ರೂಟರ್ ತೋರಿಸುವ ಗ್ರಾಫನ್ನು ಓದುವುದು ಹೇಗೆ?

ಪ್ರಶ್ನೆ: ನಮ್ಮದು ದೊಡ್ಡ ಅಪಾರ್ಟ್‌ಮೆಂಟ್. ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ (ರೂಟರ್ ನಡೆಸುವ ಮುಕ್ತ ತಂತ್ರಾಂಶ) ಹಾಕಿದ್ದೇವೆ. ಅದರ ‘ಚಾನೆಲ್ ಅನಾಲಿಸಿಸ್’ ಪುಟದಲ್ಲಿ ಚಾನೆಲ್ 1, 6, 11ರ ಮೇಲೆ ಅಕ್ಕಪಕ್ಕದ ಮನೆಗಳ ವೈ-ಫೈ ಒಂದರ ಮೇಲೊಂದು ಕಾಣುತ್ತದೆ. 3, 4 ಖಾಲಿ. ನಮ್ಮದನ್ನು 3ಕ್ಕೆ ಬದಲಾಯಿಸಿದ ಮೇಲೆ ವಿಡಿಯೊ ಕಾಲ್ ಇನ್ನೂ ಹೆಚ್ಚು ಕಡಿಯುತ್ತಿದೆ. ಯಾಕೆ?
— ಓದುಗರು, ಮೈಸೂರು

ಉತ್ತರ: 3 ಖಾಲಿ ಕಂಡರೂ ಅಲ್ಲಿ ಜಾಗವಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ನಿಂದ ಚಾನೆಲ್‌ಗೆ ಇರುವ ಅಂತರ 5 ಮೆಗಾಹರ್ಟ್ಸ್. ಒಂದು ವೈ-ಫೈಗೆ ಬೇಕಾಗುವ ಅಗಲ ಕನಿಷ್ಠ 20 ಮೆಗಾಹರ್ಟ್ಸ್. ಚಾನೆಲ್ 3ರ ನಡುಬಿಂದು 2422 ಮೆಗಾಹರ್ಟ್ಸ್. ಅಂದರೆ ನಿಮ್ಮ ರೂಟರ್ 2412ರಿಂದ 2432ರವರೆಗೆ ಕೂತಿದೆ. 1ರಲ್ಲಿರುವವರು 2422ರವರೆಗೆ ಬರುತ್ತಾರೆ, 6ರಲ್ಲಿರುವವರು 2427ರಿಂದ ಶುರುಮಾಡುತ್ತಾರೆ. ಎರಡೂ ಕಡೆಯವರಿಗೆ ನೀವು ಅಡ್ಡ, ನಿಮಗೆ ಅವರು ಅಡ್ಡ.

ಒಂದೇ ಚಾನೆಲ್‌ನಲ್ಲಿ ಇದ್ದಿದ್ದರೆ ಪರಿಸ್ಥಿತಿ ಇದಕ್ಕಿಂತ ವಾಸಿ. ಪಕ್ಕದವರ ಸಿಗ್ನಲ್ ಸುಮಾರು ಮೈನಸ್ 82 ಡಿಬಿಎಂನಷ್ಟು (ಇದು ಸಿಗ್ನಲ್ ಬಲದ ಅಳತೆ; ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬಲ ಕಡಿಮೆ) ಕ್ಷೀಣವಾಗಿ ಬಂದರೂ ನಿಮ್ಮ ರೂಟರ್ ಅದನ್ನು ವೈ-ಫೈ ಎಂದು ಗುರುತಿಸಿ, ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ತನ್ನದನ್ನು ಕಳಿಸುತ್ತದೆ. ನಿಧಾನವಾದರೂ ಸರದಿ ಸಿಗುತ್ತದೆ. ಅದೇ ಸಿಗ್ನಲ್ ಅರ್ಧ ಮಾತ್ರ ತಾಗುವ ಚಾನೆಲ್‌ನಿಂದ ಬಂದರೆ ಅದನ್ನು ಬಿಡಿಸಿ ಓದಲಾಗದು, ಬರೀ ಗದ್ದಲವಾಗಿ ಕೇಳಿಸುತ್ತದೆ. ಗುರುತಿಸಲಾಗದ ಗದ್ದಲಕ್ಕೆ ರೂಟರ್ ತಡೆದು ನಿಲ್ಲುವುದು ಅದು ಮೈನಸ್ 62 ಡಿಬಿಎಂ ದಾಟಿದಾಗ ಮಾತ್ರ. ಹಾಗಾಗಿ ಮೈನಸ್ 75ರಲ್ಲಿರುವ ಪಕ್ಕದವರು ಮಾತಾಡುತ್ತಿದ್ದರೂ ನಿಮ್ಮ ರೂಟರ್ ಮಧ್ಯೆ ಬಾಯಿ ಹಾಕುತ್ತದೆ, ಇಬ್ಬರ ಪ್ಯಾಕೆಟ್ಟೂ (ಡೇಟಾದ ತುಂಡು) ಹಾಳಾಗುತ್ತದೆ. ನಿಮ್ಮ ಕಾಲ್ ಕಡಿಯುತ್ತಿರುವುದು ಇದರಿಂದಲೇ. ಇವತ್ತೇ, ಒಂದಕ್ಕೊಂದು ತಾಗದ 1, 6 ಅಥವಾ 11ಕ್ಕೆ ವಾಪಸ್ ಬನ್ನಿ. ಅಗಲ 40 ಮೆಗಾಹರ್ಟ್ಸ್ ಇದ್ದರೆ 20ಕ್ಕೆ ಇಳಿಸಿ. ಭಾರತದಲ್ಲಿ 13ರವರೆಗೆ ಬಳಸಬಹುದಾದರೂ, ಅಮೆರಿಕಕ್ಕೆಂದು ತಯಾರಾದ ಕೆಲವು ಸಾಧನಗಳಿಗೆ 12, 13 ಕಾಣುವುದೇ ಇಲ್ಲ.

ಆ ಮೂರರಲ್ಲಿ ಯಾವುದು? ಹೆಸರು ಎಣಿಸಿ ನಿರ್ಧರಿಸಬೇಡಿ. ಈ ಪುಟ ತೋರಿಸುವುದು ರೂಟರ್‌ಗಳು ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗುವ ತಮ್ಮ ಹೆಸರು ಮತ್ತು ಆ ಕೂಗಿನ ಜೋರು. ಯಾರು ಎಷ್ಟು ಹೊತ್ತು ಗಾಳಿಯನ್ನು ಹಿಡಿದಿಟ್ಟಿದ್ದಾರೆ ಎಂಬುದು ಅಲ್ಲಿಲ್ಲ. ಸುಮ್ಮನಿರುವ ಎಂಟು ರೂಟರ್‌ಗಳಿಗಿಂತ ಸಂಜೆಯೆಲ್ಲ ಸಿನಿಮಾ ಹರಿಸುವ ಒಂದೇ ರೂಟರ್ ಹೆಚ್ಚು ಭಾರ.

ಅದನ್ನು ತಿಳಿಯಲು ರೂಟರಿನ ಟರ್ಮಿನಲ್‌ಗೆ (ಆದೇಶ ಟೈಪ್ ಮಾಡುವ ಕಿಟಕಿ) ಹೋಗಿ ‘ಐಡಬ್ಲ್ಯು’ ಉಪಕರಣದ ‘ಸರ್ವೇ ಡಂಪ್’ ಆದೇಶ ಕೊಡಿ. ಬಳಕೆಯಲ್ಲಿರುವ ಚಾನೆಲ್‌ನ ಕೆಳಗೆ ಆಕ್ಟಿವ್, ಬಿಝಿ, ರಿಸೀವ್, ಟ್ರಾನ್ಸ್‌ಮಿಟ್ ಎಂಬ ನಾಲ್ಕು ಸಮಯಗಳು ಮಿಲಿಸೆಕೆಂಡ್‌ನಲ್ಲಿ ಸಿಗುತ್ತವೆ (ಕೆಲವು ಚಿಪ್‌ಗಳು ಎಲ್ಲವನ್ನೂ ಕೊಡುವುದಿಲ್ಲ). ಅನೇಕ ಚಿಪ್‌ಗಳಲ್ಲಿ ಇವು ಕೂಡುತ್ತ ಹೋಗುವ ಲೆಕ್ಕ; ಒಂದು ನಿಮಿಷ ಬಿಟ್ಟು ಎರಡು ಸಲ ತೆಗೆದು ಕಳೆಯಿರಿ. ಉದಾಹರಣೆಗೆ ಆಕ್ಟಿವ್ 60,000, ಬಿಝಿ 33,000, ರಿಸೀವ್ 9,000, ಟ್ರಾನ್ಸ್‌ಮಿಟ್ 3,000 ಬಂತು ಎನ್ನಿ. ಗಾಳಿ ಶೇ 55ರಷ್ಟು ಹೊತ್ತು ತುಂಬಿದೆ. ಅದರಲ್ಲಿ ನಿಮ್ಮ ರೂಟರ್ ಕಳಿಸಿದ್ದು ಮತ್ತು ಕೇಳಿ ಅರ್ಥಮಾಡಿಕೊಂಡಿದ್ದು ಸೇರಿ 12,000. ಉಳಿದ 21,000 ಅದಕ್ಕೆ ಅರ್ಥವಾಗದ ಗದ್ದಲ: ಅಡ್ಡ ಚಾನೆಲ್‌ನವರು, ಇಲ್ಲವೇ ವೈ-ಫೈ ಅಲ್ಲದ ಯಾವುದೋ ವಸ್ತು. ಈ ಉಳಿಕೆಯ ಸಂಖ್ಯೆಯೇ ಮುಖ್ಯ. 1, 6, 11 ಮೂರರಲ್ಲೂ ರಾತ್ರಿ ಎಂಟರಿಂದ ಹತ್ತರೊಳಗೆ ಅಳೆಯಿರಿ. ಬೆಳಿಗ್ಗೆ ಆರಕ್ಕೆ ಅಳೆದ ಲೆಕ್ಕ ರಾತ್ರಿಗೆ ಪ್ರಯೋಜನವಿಲ್ಲ.

ಪ್ರಶ್ನೆ: ದಿನಕ್ಕೆ ಎರಡು ಮೂರು ಸಲ, ಐದಾರು ನಿಮಿಷ ನೆಟ್ ಪೂರ್ತಿ ನಿಂತುಹೋಗುತ್ತದೆ. ಸ್ಕ್ಯಾನ್ ಮಾಡಿದರೆ ಹೊಸ ವೈ-ಫೈ ಯಾವುದೂ ಇಲ್ಲ. ನಮ್ಮದು ಮೈಕ್ರೋಟಿಕ್ ರೂಟರ್. ಅದರಲ್ಲಿ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಇದೆ ಎಂಬ ಚಿತ್ರ) ನೋಡಬಹುದು ಎನ್ನುತ್ತಾರೆ, ಹೇಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಲಕ್ಷಣಗಳು ಮೈಕ್ರೋವೇವ್ ಓವನ್ ಕಡೆಗೆ ಬೆರಳು ತೋರುತ್ತವೆ. ಅದು ಹೆಸರು ಕೂಗುವುದಿಲ್ಲ, ಹಾಗಾಗಿ ಸಾಮಾನ್ಯ ಸ್ಕ್ಯಾನ್‌ಗೆ ಸಿಗುವುದಿಲ್ಲ. ಶಕ್ತಿಯನ್ನೇ ಅಳೆಯುವ ಸ್ಪೆಕ್ಟ್ರಲ್ ಸ್ಕ್ಯಾನ್ ಬೇಕು.

ಮೊದಲು ಚಿಪ್ ನೋಡಿ. ಹಳೆಯ ‘ವೈರ್‌ಲೆಸ್’ ಪ್ಯಾಕೇಜಿನಲ್ಲಿ ನಡೆಯುವ, ವೈ-ಫೈನ 802.11ಎನ್ ತಲೆಮಾರಿನ ಅಥೆರೋಸ್ ಚಿಪ್‌ಗಳಲ್ಲಿ ಇದು ಕೆಲಸ ಮಾಡುತ್ತದೆ, ಅದರ ನಂತರದ 802.11ಎಸಿ ಚಿಪ್‌ಗಳಲ್ಲಿ ಮಾಡುವುದಿಲ್ಲ. ಟರ್ಮಿನಲ್‌ನಲ್ಲಿ ‘ಇಂಟರ್‌ಫೇಸ್ ವೈರ್‌ಲೆಸ್’ ಅಡಿಯಲ್ಲಿ ‘ಸ್ಪೆಕ್ಟ್ರಲ್-ಹಿಸ್ಟರಿ’ ಆದೇಶಕ್ಕೆ ರೇಂಜ್ 2.4 ಗಿಗಾಹರ್ಟ್ಸ್ ಕೊಡಿ. ಪ್ರತಿ ಸಾಲೂ ಒಂದು ಕ್ಷಣದ ಚಿತ್ರ, ಬಣ್ಣ ಶಕ್ತಿಯ ಗುರುತು. ‘ಸ್ಪೆಕ್ಟ್ರಲ್-ಸ್ಕ್ಯಾನ್’ ಆದೇಶದಲ್ಲಿ ‘ಶೋ-ಇಂಟರ್‌ಫಿಯರೆನ್ಸ್’ ಆಯ್ಕೆ ಹಾಕಿದರೆ ಮೈಕ್ರೋವೇವ್, ಬ್ಲೂಟೂತ್, ಕಾರ್ಡ್‌ಲೆಸ್ ಫೋನ್ ಎಂದು ತನ್ನ ಊಹೆಯನ್ನೂ ಬರೆಯುತ್ತದೆ. ಅದು ಊಹೆ ಮಾತ್ರ, ಸಾಕ್ಷಿ ಬೇರೆ ಬೇಕು. ಸ್ಕ್ಯಾನ್ ನಡೆಯುವಷ್ಟು ಹೊತ್ತು ವೈ-ಫೈ ಸಂಪರ್ಕ ತಪ್ಪುತ್ತದೆ, ಆದ್ದರಿಂದ ಲ್ಯಾನ್ ಕೇಬಲ್ ಹಾಕಿಕೊಂಡು ಕೂರಿ.

ಸಾಕ್ಷಿ ಹೀಗೆ: ಓವನ್ನಿನಲ್ಲಿ ಒಂದು ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ. 2450 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಅಗಲವಾದ ದಿಬ್ಬ ಎದ್ದು, ಓವನ್ ನಿಂತಾಗ ಕರಗಿದರೆ ಕಾರಣ ಅದೇ. ಬ್ಲೂಟೂತ್ ಆಗಿದ್ದರೆ ದಿಬ್ಬವಿರದೆ ಇಡೀ ಪಟ್ಟಿಯಲ್ಲಿ ಚುಕ್ಕಿಚುಕ್ಕಿ ಉದುರುತ್ತದೆ. ಎಲ್ಲೂ ಕದಲದೆ ಸದಾ ಒಂದೇ ಕಡೆ ನಿಂತ ಗೆರೆಯಾದರೆ ಹಳೆಯ ವೈರ್‌ಲೆಸ್ ಕ್ಯಾಮೆರಾದಂಥ ವಸ್ತು ಹುಡುಕಿ.

ಟ್ರಾನ್ಸ್‌ಫಾರ್ಮರ್ ಇರುವ ಮಾಮೂಲಿ ಓವನ್, ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಪ್ರತಿ 20 ಮಿಲಿಸೆಕೆಂಡಿಗೆ ಸುಮಾರು ಅರ್ಧ ಹೊತ್ತು ಉರಿದು ಅರ್ಧ ಹೊತ್ತು ಸುಮ್ಮನಿರುತ್ತದೆ. ಆ ಹತ್ತು ಮಿಲಿಸೆಕೆಂಡ್ ಬಿಡುವಿನಲ್ಲಿ ವೈ-ಫೈ ತನ್ನ ಕೆಲಸ ಮುಗಿಸಿಕೊಳ್ಳಬಹುದು. 54 ಎಂಬಿಪಿಎಸ್ ವೇಗದಲ್ಲಿ 1,500 ಬೈಟ್‌ನ ಪ್ಯಾಕೆಟ್ ಕಾಲು ಮಿಲಿಸೆಕೆಂಡಿನೊಳಗೆ ಹೋಗಿಬಿಡುತ್ತದೆ. ಆದರೆ ಪ್ಯಾಕೆಟ್ ಕಳೆದಂತೆಲ್ಲ ರೂಟರ್ ವೇಗ ಇಳಿಸುತ್ತದೆ; 1 ಎಂಬಿಪಿಎಸ್‌ಗೆ ಇಳಿದರೆ ಅದೇ ಪ್ಯಾಕೆಟ್ಟಿಗೆ 12 ಮಿಲಿಸೆಕೆಂಡ್ ಬೇಕು, ಬಿಡುವಿನಲ್ಲಿ ಹಿಡಿಸುವುದೇ ಇಲ್ಲ. ಪೂರ್ತಿ ನಿಂತಂತೆ ಆಗುವುದು ಆಗ. ಆದ್ದರಿಂದ ಹಳೆಯ, ನಿಧಾನದ 802.11ಬಿ ವೇಗಗಳನ್ನು ತೆಗೆದುಹಾಕಿ, 2450ರಿಂದ ದೂರವಿರುವ ಚಾನೆಲ್ 1ಕ್ಕೆ ಬನ್ನಿ, ರೂಟರನ್ನು ಅಡುಗೆಮನೆಯ ಗೋಡೆಯಿಂದ ದೂರ ಇಡಿ. 5 ಗಿಗಾಹರ್ಟ್ಸ್ ಬರುವ ಫೋನ್, ಟಿವಿಗಳನ್ನು ಅಲ್ಲಿಗೇ ಸಾಗಿಸಿಬಿಡಿ.

ಪ್ರಶ್ನೆ: ರೂಟರಿನ ಹಿಂದಿನ ಯುಎಸ್‌ಬಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗ 2.4 ಗಿಗಾಹರ್ಟ್ಸ್‌ನಲ್ಲಿ ನಾಯ್ಸ್ (ಹಿನ್ನೆಲೆ ಗದ್ದಲ) ಮೈನಸ್ 95 ಡಿಬಿಎಂನಿಂದ ಮೈನಸ್ 80ಕ್ಕೆ ಏರುತ್ತದೆ. ಡಿಸ್ಕ್ ಹಾಳಾಗಿದೆಯೇ?
— ಓದುಗರು, ಮಂಗಳೂರು

ಉತ್ತರ: ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ಕಳಿಸುವಾಗ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಹರಡುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. 15 ಡಿಬಿ ಎಂದರೆ ಗದ್ದಲ ಮೂವತ್ತು ಪಟ್ಟು ಹೆಚ್ಚಾದ ಹಾಗೆ. ಮೈನಸ್ 70ರಲ್ಲಿ ಕೇಳಿಸುವ ಫೋನ್‌ನ ಸಿಗ್ನಲ್‌ಗೂ ಗದ್ದಲಕ್ಕೂ ಮೊದಲು 25 ಡಿಬಿ ಅಂತರವಿತ್ತು, ಈಗ ಹತ್ತೇ. ರೂಟರ್ ಸೆಟ್ಟಿಂಗ್‌ನಲ್ಲಿ ಆ ಪೋರ್ಟನ್ನು ಯುಎಸ್‌ಬಿ 2.0ಕ್ಕೆ ಇಳಿಸಿ. ಆ ಆಯ್ಕೆ ಇಲ್ಲದಿದ್ದರೆ ಒಳ್ಳೆಯ ಶೀಲ್ಡ್ ಇರುವ ಕೇಬಲ್ ತಂದು ಡಿಸ್ಕನ್ನು ಆಂಟೆನಾಗಳಿಂದ ಒಂದು ಮೀಟರ್ ಆಚೆ ಇಡಿ, ಮತ್ತೆ ಅಳೆಯಿರಿ.

ಪ್ರಶ್ನೆ: ಗ್ರಾಫಿನಲ್ಲಿ ಖಾಲಿ ಕಂಡಿತೆಂದು 5 ಗಿಗಾಹರ್ಟ್ಸ್ ಅನ್ನು ಚಾನೆಲ್ 52ಕ್ಕೆ ಹಾಕಿದೆ. ವೈ-ಫೈ ಮಾಯವಾಗಿ, ಒಂದು ನಿಮಿಷ ಬಿಟ್ಟು ಬಂತು.
— ಓದುಗರು, ಬೆಳಗಾವಿ

ಉತ್ತರ: ಅದು ದೋಷವಲ್ಲ. ಆ ಭಾಗದಲ್ಲಿ ರೇಡಾರ್‌ಗಳಿಗೆ ಮೊದಲ ಹಕ್ಕು. ಪ್ರಸಾರಕ್ಕೆ ಮುಂಚೆ ರೂಟರ್ 60 ಸೆಕೆಂಡ್ ಕಿವಿಗೊಟ್ಟು ಕೂರಬೇಕು, ಆಮೇಲೂ ರೇಡಾರ್ ಕೇಳಿಸಿದರೆ ಜಾಗ ಬಿಡಬೇಕು. ದಿನಗಟ್ಟಲೆ ಕದಲದೆ ನಿಂತರೆ 52ರಲ್ಲೇ ಇರಿ. ಆಗಾಗ ತಾನೇ ಬೇರೆ ಚಾನೆಲ್‌ಗೆ ಹಾರುತ್ತಿದ್ದರೆ 36 ಅಥವಾ 149ಕ್ಕೆ ಹೋಗಿ. ಅಲ್ಲಿ ಈ ಕಾಯುವಿಕೆ ಇಲ್ಲ.