ಬಣ್ಣ ನೋಡಿ ಕೊಡ್ತಾರೋ, ವೀಸಾ ನೋಡಿ ಕೊಡ್ತಾರೋ?

ಅಮೆರಿಕದ ಕಾಲೇಜುಗಳಲ್ಲಿ ಬಿಳಿಯರಲ್ಲದ ವಿದ್ಯಾರ್ಥಿಗಳಿಗೆ ಅಂತ ಇರುವ ಸ್ಕಾಲರ್‌ಶಿಪ್, ಇಂಟರ್ನ್‌ಶಿಪ್ ಬಗ್ಗೆ ಈ ಸಲ ಕೇಳಿದ್ದೀರಿ. ಅಲ್ಲೇ ನೆಲೆಸಿದ ಕನ್ನಡದವರು ಬರೆದಿದ್ದಾರೆ, ಇಲ್ಲಿಂದ ಮಕ್ಕಳನ್ನು ಕಳಿಸಿದವರೂ ಬರೆದಿದ್ದಾರೆ. 'ಸ್ಟೂಡೆಂಟ್ಸ್ ಆಫ್ ಕಲರ್' ಅಂದರೆ ಅದರಲ್ಲಿ ನಾವೂ ಸೇರ್ತೀವಾ ಅನ್ನುವುದು ಎಲ್ಲರ ಅನುಮಾನ. ಬಹಳ ಕಡೆ ಸೇರುತ್ತೀರಿ. ಆದರೆ ನಮ್ಮವರ ಅರ್ಜಿ ಹೆಚ್ಚಾಗಿ ನಿಲ್ಲುವುದು ವೀಸಾ ಹತ್ತಿರ. ಅದನ್ನು ಮನಸ್ಸಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಪ್ರಶ್ನೆ: ಮಗಳು ಇಲ್ಲೇ ಹುಟ್ಟಿದವಳು. ಕಾಲೇಜಿನಲ್ಲಿ ಎರಡನೇ ವರ್ಷ, ಬಯಾಲಜಿ ಓದುತ್ತಿದ್ದಾಳೆ. ನಾನು ಪಿಯುಸಿ, ಯಜಮಾನರದ್ದು ಡಿಪ್ಲೊಮಾ. ಅವರು ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ನಾನು ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತೇನೆ. 'ಅದೆಲ್ಲ ಕಪ್ಪು ಜನರಿಗೆ, ಲ್ಯಾಟಿನೊಗಳಿಗೆ, ಇಂಡಿಯನ್ಸ್‌ಗೆ ಏನೂ ಸಿಗಲ್ಲ' ಅಂತ ಸ್ನೇಹಿತೆ ಹೇಳಿದಳಂತೆ. ಮಗಳು ಅರ್ಜಿ ಹಾಕುವುದನ್ನೇ ಬಿಟ್ಟಿದ್ದಾಳೆ.
— ಒಬ್ಬ ತಾಯಿ, ಎಡಿಸನ್, ನ್ಯೂಜೆರ್ಸಿ

ಉತ್ತರ: ಅಮ್ಮಾ, ಇವತ್ತೇ ಮಗಳನ್ನು ಕೂರಿಸಿಕೊಂಡು ಅರ್ಜಿ ಶುರು ಮಾಡಿಸಿ. ಸ್ನೇಹಿತೆ ಹೇಳಿದ್ದರಲ್ಲಿ ಕಾಲು ಭಾಗ ನಿಜ ಇದೆ, ಮುಕ್ಕಾಲು ಭಾಗ ಇಲ್ಲ.

ನಿಜ ಇರುವುದು ಯಾವುದು ಅಂದರೆ, ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ 'ಸಂಖ್ಯೆಯಲ್ಲಿ ಕಡಿಮೆ ಇರುವ ಸಮುದಾಯ' ಅಂತ ಲೆಕ್ಕ ಹಾಕುವಾಗ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಏಷ್ಯಾದವರನ್ನು ಸೇರಿಸುವುದಿಲ್ಲ. ಆ ಕ್ಷೇತ್ರದಲ್ಲಿ ನಮ್ಮವರು ಈಗಾಗಲೇ ಜಾಸ್ತಿ ಇದ್ದಾರೆ, ಹಾಗಾಗಿ ಅದು ತಪ್ಪೂ ಅಲ್ಲ. ಆದರೆ ಬೇರೆ ಕಡೆ ಲೆಕ್ಕ ಬೇರೆ. ಅಮೆರಿಕದ ಜನಗಣತಿಯಲ್ಲಿ 1980ರಿಂದಲೇ 'ಏಷ್ಯನ್ ಇಂಡಿಯನ್' ಅನ್ನುವ ಪ್ರತ್ಯೇಕ ಗುರುತು ಇದೆ. ಅಲ್ಲಿನ ಭಾರತೀಯ ಸಂಘದವರು ಬೆನ್ನು ಹತ್ತಿ ಕೇಳಿ ಪಡೆದದ್ದು ಅದು. ನಿಮ್ಮ ಮಗಳಿಗೆ ನೇರವಾಗಿ ಹೊಂದುವುದು ಎಪಿಐಎ ಸ್ಕಾಲರ್ಸ್. 2003ರಲ್ಲಿ ಶುರುವಾದ ಸಂಸ್ಥೆ. ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದ ಮಕ್ಕಳಲ್ಲಿ, ಅದರಲ್ಲೂ ಕಡಿಮೆ ಆದಾಯದ ಮನೆಯವರಿಗೆ, ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವರಿಗೆ ಒತ್ತು ಕೊಡುತ್ತದೆ. ಒಂದು ವರ್ಷದ 2,500 ಡಾಲರ್‌ನಿಂದ ಹಿಡಿದು ಕೆಲವು ವರ್ಷಗಳಲ್ಲಿ ಒಟ್ಟು 20,000 ಡಾಲರ್‌ವರೆಗೆ ಕೊಟ್ಟಿದ್ದಾರೆ.

ಇಲ್ಲಿ ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ನೀವು ಪಿಯುಸಿ, ಯಜಮಾನರು ಡಿಪ್ಲೊಮಾ ಅಂತ ಬರೆದಿದ್ದೀರಿ. ಅಂದರೆ ತಂದೆ ತಾಯಿ ಇಬ್ಬರಿಗೂ ಪದವಿ ಇಲ್ಲ. ಅಮೆರಿಕದಲ್ಲಿ ಇದಕ್ಕೆ 'ಫಸ್ಟ್ ಜನರೇಶನ್' ಅನ್ನುತ್ತಾರೆ, ಅರ್ಜಿಯಲ್ಲಿ ಇದಕ್ಕೆ ದೊಡ್ಡ ಬೆಲೆ ಇದೆ. ನಮ್ಮ ಕಡೆಯವರು ಇದನ್ನು ಹೇಳಿಕೊಳ್ಳಲು ಸಂಕೋಚ ಪಡುತ್ತಾರೆ, ಮಕ್ಕಳೂ ಮುಚ್ಚಿಡುತ್ತಾರೆ. ಮುಚ್ಚಿಡುವಂಥದ್ದು ಏನಿದೆ ಇದರಲ್ಲಿ? ಮೆಕ್‌ನೇರ್ ಸ್ಕಾಲರ್ಸ್ ಅಂತ ಸರ್ಕಾರದ ಒಂದು ಕಾರ್ಯಕ್ರಮ ಇದೆ. 1986ರಲ್ಲಿ ಚಾಲೆಂಜರ್ ನೌಕೆ ಸ್ಫೋಟವಾದಾಗ ತೀರಿಕೊಂಡ ಕಪ್ಪು ವರ್ಣೀಯ ಗಗನಯಾತ್ರಿ ರೊನಾಲ್ಡ್ ಮೆಕ್‌ನೇರ್ ಹೆಸರಿನದ್ದು. ಪದವಿ ಓದುತ್ತಿರುವವರನ್ನು ಪಿಎಚ್‌ಡಿ ಕಡೆಗೆ ತಯಾರು ಮಾಡುತ್ತದೆ. ಅದರಲ್ಲಿ 'ಕಡಿಮೆ ಆದಾಯ ಮತ್ತು ಫಸ್ಟ್ ಜನರೇಶನ್' ಅನ್ನುವ ದಾರಿ ಇದೆ. ನಿಮ್ಮ ಮಗಳು ಆ ದಾರಿಯಲ್ಲಿ ಹೋಗಬಹುದು. ಅವಳ ಕಾಲೇಜಿನಲ್ಲಿ ಇದು ಇದೆಯಾ ಅಂತ ವಿಚಾರಿಸಲಿ.

ಇದೆಲ್ಲಕ್ಕಿಂತ ಮೊದಲು ಫಾಫ್ಸಾ ತುಂಬಿ, ಅಂದರೆ ಓದಿಗೆ ಸರ್ಕಾರದ ಸಹಾಯಧನ ಕೇಳುವ ಅರ್ಜಿ. ಅದು ಉಚಿತ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಅಮೆರಿಕ ಸರ್ಕಾರ ಕೊಡುವ ಪೆಲ್ ಗ್ರ್ಯಾಂಟ್ ಸಿಗಬೇಕಾದರೂ ಅದೇ ಬೇಕು (2025-26ಕ್ಕೆ ಗರಿಷ್ಠ 7,395 ಡಾಲರ್, ಸಾಲವಲ್ಲ, ವಾಪಸ್ ಕಟ್ಟಬೇಕಿಲ್ಲ), ನ್ಯೂಜೆರ್ಸಿಯ ಟ್ಯಾಗ್ ಸಹಾಯಧನ ಸಿಗಬೇಕಾದರೂ ಅದೇ ಬೇಕು. ಮನೆಯಲ್ಲಿ ಇನ್ನೂ ಚಿಕ್ಕವರು ಯಾರಾದರೂ ಹೈಸ್ಕೂಲಿನಲ್ಲಿದ್ದರೆ ನ್ಯೂಜೆರ್ಸಿಯ ಇಒಎಫ್ ಬಗ್ಗೆ ಈಗಲೇ ತಿಳಿದುಕೊಳ್ಳಿ. 1967ರಲ್ಲಿ ಅಲ್ಲಿಯ ನ್ಯೂಆರ್ಕ್ ನಗರ ಜನಾಂಗೀಯ ಗಲಭೆಯಲ್ಲಿ ಹೊತ್ತಿ ಉರಿದ ಮೇಲೆ, ಬಡವರ ಮಕ್ಕಳಿಗೂ ಕಾಲೇಜು ಬೇಕು ಅಂತ 1968ರಲ್ಲಿ ಆ ರಾಜ್ಯ ತಂದ ನಿಧಿ ಅದು. ಕಾಲೇಜಿಗೆ ಸೇರುವಾಗಲೇ ಅದಕ್ಕೆ ಅರ್ಜಿ ಹಾಕಬೇಕು.

ಈ ನಿಧಿಗಳನ್ನು ಯಾರು ಕಟ್ಟಿದರು ಅನ್ನುವುದು ಮಗಳಿಗೆ ಗೊತ್ತಿರಲಿ. ಟಸ್ಕೀಗೀ ಕಾಲೇಜಿನ ಮುಖ್ಯಸ್ಥರಾಗಿದ್ದ ಫ್ರೆಡರಿಕ್ ಪ್ಯಾಟರ್ಸನ್, ಕಪ್ಪು ಜನರ 27 ಕಾಲೇಜುಗಳನ್ನು ಸೇರಿಸಿ 1944ರಲ್ಲಿ ಯುಎನ್‌ಸಿಎಫ್ ಅನ್ನುವ ನಿಧಿ ಶುರು ಮಾಡಿದರು. ಒಂದೊಂದು ಕಾಲೇಜು ಒಂಟಿಯಾಗಿ ದುಡ್ಡಿಗೆ ಅಲೆಯುವ ಬದಲು ಒಟ್ಟಿಗೆ ಕೇಳೋಣ ಅಂತ. ಲ್ಯಾಟಿನೊಗಳ ನಿಧಿ 1975ರದ್ದು, ಅಮೆರಿಕದ ಮೂಲನಿವಾಸಿಗಳದ್ದು 1989ರದ್ದು. ನಮ್ಮಂಥವರ ನಿಧಿ ಬಂದದ್ದು ಅವರು ಹಾಕಿದ ದಾರಿಯಲ್ಲೇ. 'ಅವರಿಗೇ ಎಲ್ಲ ಸಿಗುತ್ತೆ' ಅನ್ನುವ ಮಾತು ನಮ್ಮ ಮನೆಗಳಲ್ಲಿ ಬಹಳ ಸುಲಭವಾಗಿ ಬರುತ್ತದೆ. ಬರಬಾರದು.

ಪ್ರಶ್ನೆ: 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನೆಲ್ಲ ರದ್ದು ಮಾಡಿತಲ್ಲ, ಇನ್ನೂ ಯಾಕೆ ಬರೆಯುತ್ತೀರಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಆ ತೀರ್ಪು ಬಂದದ್ದು 2023ರ ಜೂನ್ 29ಕ್ಕೆ, ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ. ಸೀಟು ಕೊಡುವಾಗ ಜನಾಂಗ ನೋಡಬಾರದು ಅಂತ ಕೋರ್ಟ್ ಹೇಳಿತು. ಅದು ಕಾಲೇಜು ಪ್ರವೇಶದ ಬಗ್ಗೆ, ಸ್ಕಾಲರ್‌ಶಿಪ್ ಬಗ್ಗೆ ಅಲ್ಲ. ಆದರೂ ಅದರ ಬಿಸಿ ಸ್ಕಾಲರ್‌ಶಿಪ್‌ಗೂ ತಟ್ಟಿದೆ. ಕೇಸಿನ ಭಯಕ್ಕೆ ಎಷ್ಟೋ ವಿಶ್ವವಿದ್ಯಾಲಯಗಳು, ಸಂಸ್ಥೆಗಳು ಜನಾಂಗದ ಷರತ್ತು ತೆಗೆದು 'ಆದಾಯ', 'ಫಸ್ಟ್ ಜನರೇಶನ್' ಅಂತ ಬದಲಾಯಿಸಿಕೊಂಡಿವೆ. ಗೇಟ್ಸ್ ಸ್ಕಾಲರ್‌ಶಿಪ್ ಮೊದಲು ಅಲ್ಪಸಂಖ್ಯಾತ ಜನಾಂಗದವರಿಗೆ ಅಂತ ಇತ್ತು. 2025ರಲ್ಲಿ ಆ ಷರತ್ತು ತೆಗೆದು, ಪೆಲ್ ಗ್ರ್ಯಾಂಟ್‌ಗೆ ಅರ್ಹರಾದ ಎಲ್ಲರಿಗೂ ತೆರೆದರು. ಹಾಗಾಗಿ ಹಿಂದಿನ ವರ್ಷ ಅಣ್ಣನೋ ಅಕ್ಕನೋ ಓದಿದ ನಿಯಮ ಈ ವರ್ಷ ಇರುತ್ತದೆ ಅಂದುಕೊಳ್ಳಬೇಡಿ. ಪ್ರತಿ ವರ್ಷ ಅರ್ಹತೆಯ ಸಾಲನ್ನು ಹೊಸದಾಗಿ ಓದಿ.

ಪ್ರಶ್ನೆ: ನಾಲ್ಕು ವರ್ಷದವನಿದ್ದಾಗ ಮಗನನ್ನು ಕರೆದುಕೊಂಡು ಬಂದೆವು. ಈಗ ಅವನಿಗೆ 19. ನಮ್ಮ ಗ್ರೀನ್ ಕಾರ್ಡ್ ಸರದಿ ಇನ್ನೂ ಬಂದಿಲ್ಲ, ಅವನು ನಮ್ಮ ಕೆಲಸದ ವೀಸಾದ ಮೇಲೆ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲೇ ಇದ್ದಾನೆ. ಜೊತೆಯವರೆಲ್ಲ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಹೋಗುತ್ತಾರೆ, ಇವನು ಮನೆಯಲ್ಲಿ ಕೂರುತ್ತಾನೆ. ನೋಡೋಕಾಗ್ತಿಲ್ಲ.
— ಒಬ್ಬ ತಂದೆ, ಟೆಕ್ಸಾಸ್

ಉತ್ತರ: ಸಾರ್, ನಿಮ್ಮ ಪತ್ರ ಓದಿ ನಿಜಕ್ಕೂ ಸಂಕಟ ಆಯಿತು. ನಮ್ಮ ಐಟಿ ಕುಟುಂಬಗಳ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ಅಷ್ಟು ಉದ್ದ ಇದೆ. ಮಗು ಅಲ್ಲೇ ಬೆಳೆದು, ಅಲ್ಲಿಯ ಭಾಷೆಯಲ್ಲೇ ಓದಿ, ಕೊನೆಗೆ ಎಲ್ಲ ಅರ್ಜಿಯಲ್ಲೂ 'ಪೌರರು ಅಥವಾ ಗ್ರೀನ್ ಕಾರ್ಡ್ ಇರುವವರು ಮಾತ್ರ' ಅನ್ನುವ ಸಾಲಿಗೆ ಬಂದು ನಿಲ್ಲುತ್ತದೆ. ಎಚ್-4 ಮಕ್ಕಳಿಗೆ ಫಾಫ್ಸಾ ಸಹಾಯ ಇಲ್ಲ, ಕೆಲಸ ಮಾಡುವ ಅನುಮತಿಯೂ ಇಲ್ಲ. 2015ರಲ್ಲಿ ಬಂದ ಎಚ್-4 ಕೆಲಸದ ಪರವಾನಗಿ ಗಂಡ ಅಥವಾ ಹೆಂಡತಿಗೆ ಮಾತ್ರ, ಅದೂ ಎಲ್ಲರಿಗೂ ಅಲ್ಲ. ಸಂಬಳವಿಲ್ಲದ ಇಂಟರ್ನ್‌ಶಿಪ್ ಆದರೆ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ. ಸಂಬಳ ಇಲ್ಲದಿದ್ದರೂ ಕಾನೂನಿನ ಕಣ್ಣಲ್ಲಿ ಅದು ಕೆಲಸ ಅನ್ನಿಸಬಹುದು.

ಹಾಗಾದರೆ ಏನು ಮಾಡಬೇಕು? 21 ತುಂಬಿದ ಮೇಲೆ ಅವನು ಹೇಗೂ ಎಚ್-4ನಲ್ಲಿ ಇರಲು ಆಗುವುದಿಲ್ಲ. ಮೊದಲೇ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೆ ಕ್ಯಾಂಪಸ್ ಒಳಗೆ ಕೆಲಸ ಮಾಡಬಹುದು, ಸಿಪಿಟಿ (ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಅನುಮತಿ) ಮೂಲಕ ಸಂಬಳದ ಇಂಟರ್ನ್‌ಶಿಪ್ ಮಾಡಬಹುದು. ಆದರೆ ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿರುವಾಗ ಈ ಬದಲಾವಣೆಗೆ ತೊಡಕುಗಳಿವೆ, ತಿಂಗಳುಗಟ್ಟಲೆ ಹಿಡಿಯುತ್ತದೆ ಕೂಡ. ವಲಸೆ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಈ ವಿಷಯದಲ್ಲಿ ವಾಟ್ಸಾಪ್ ಗುಂಪಿನ ಸಲಹೆ ಸಾಲದು. ಶುಲ್ಕದ ವಿಷಯಕ್ಕೆ ಬಂದರೆ, ಅಲ್ಲೇ ಹೈಸ್ಕೂಲು ಮುಗಿಸಿದವರಿಗೆ ವೀಸಾ ಯಾವುದಾದರೂ ರಾಜ್ಯದವರ ಶುಲ್ಕವನ್ನೇ ಹಾಕುವ ಕಡೆಗಳಿವೆ, ಕಾಲೇಜಿನಲ್ಲಿ ಕೇಳಿ.

ಇನ್ನೂ ಹೈಸ್ಕೂಲಿನಲ್ಲಿರುವ ಎಚ್-4 ಮಕ್ಕಳ ತಂದೆ ತಾಯಿಗೆ ಒಂದು ಮಾತು. ಕ್ವೆಸ್ಟ್‌ಬ್ರಿಡ್ಜ್ ಮತ್ತು ಜ್ಯಾಕ್ ಕೆಂಟ್ ಕುಕ್ ಫೌಂಡೇಶನ್ ಅಂತ ಸ್ಕಾಲರ್‌ಶಿಪ್ ಸಂಸ್ಥೆಗಳಿವೆ, ಈ ಎರಡೂ ಪೌರತ್ವ ನೋಡದೆ ಅರ್ಜಿ ತೆಗೆದುಕೊಳ್ಳುತ್ತವೆ. ಎರಡೂ ಕಡೆ ಓದು ತುಂಬಾ ಚೆನ್ನಾಗಿರಬೇಕು, ಮನೆಯ ಆದಾಯ ಕಡಿಮೆ ಇರಬೇಕು. ಕ್ವೆಸ್ಟ್‌ಬ್ರಿಡ್ಜ್ ಅರ್ಜಿ ಕೊನೆಯ ವರ್ಷದ ಸೆಪ್ಟೆಂಬರ್‌ನಲ್ಲೇ ಮುಗಿಯುತ್ತದೆ, ಬೇಸಿಗೆ ರಜೆಯಲ್ಲೇ ಪ್ರಬಂಧ ಬರೆದಿಟ್ಟುಕೊಳ್ಳಲಿ. ಜೊತೆಗೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಥರದ ಕೆಲವು ಕಾಲೇಜುಗಳು ಹೊರದೇಶದವರಿಗೂ ಪ್ರವೇಶ ಕೊಡುವಾಗ ದುಡ್ಡಿನ ತಾಪತ್ರಯ ನೋಡುವುದಿಲ್ಲ, ಸೀಟು ಸಿಕ್ಕರೆ ಅಗತ್ಯದಷ್ಟು ಸಹಾಯ ಕೊಡುತ್ತವೆ. ಸೀಟು ಸಿಗುವುದು ಕಷ್ಟ. ಆದರೂ ಪಟ್ಟಿಯಲ್ಲಿ ಒಂದೆರಡು ಇರಲಿ.

ಪ್ರಶ್ನೆ: ದಾವಣಗೆರೆಯವನು. ಓಹಾಯೋದಲ್ಲಿ ಎಂಎಸ್ ಮೊದಲ ಸೆಮಿಸ್ಟರ್. ಬೇಸಿಗೆ ಇಂಟರ್ನ್‌ಶಿಪ್‌ಗೆ ಒಬ್ಬ ಏಜೆಂಟ್ 1,500 ಡಾಲರ್ ಕೇಳ್ತಿದ್ದಾನೆ. ಕೊಡಲಾ?
— ವಿದ್ಯಾರ್ಥಿ

ಉತ್ತರ: ಬೇಡ ತಮ್ಮಾ, ಒಂದು ಡಾಲರ್ ಕೂಡ ಕೊಡಬೇಡ. ಇಂಟರ್ನ್‌ಶಿಪ್ ಅಂದರೆ ಅವರು ನಿನಗೆ ದುಡ್ಡು ಕೊಡಬೇಕು.

ನಿನ್ನ ನಿಯಮಗಳು ಇಷ್ಟು. ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿದ ಮೇಲೆ ಸಿಪಿಟಿ ಸಿಗುತ್ತದೆ. ಕೆಲಸದ ಮೊದಲ ದಿನಕ್ಕೂ ಮುಂಚೆ ಅದು ಕಾಲೇಜು ಕೊಡುವ ಐ-20 ಪತ್ರದಲ್ಲಿ ಬಂದಿರಬೇಕು. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಅನುಮತಿ ಕೈತಪ್ಪುತ್ತದೆ, ಅದನ್ನು ಲೆಕ್ಕ ಇಟ್ಟುಕೋ. ಎಂಎಸ್ ಮುಗಿದ ಮೇಲೆ ಒಪಿಟಿ 12 ತಿಂಗಳು, ನಿನ್ನದು ವಿಜ್ಞಾನ ಅಥವಾ ಎಂಜಿನಿಯರಿಂಗ್ ವಿಷಯವಾದರೆ ಇನ್ನೂ 24 ತಿಂಗಳು.

'ಸ್ಟೂಡೆಂಟ್ಸ್ ಆಫ್ ಕಲರ್' ಹೆಸರಿನ ಸ್ಕಾಲರ್‌ಶಿಪ್‌ಗಳಲ್ಲಿ ಹೆಚ್ಚಿನವು ಎಫ್-1ಗೆ ಇಲ್ಲ. ಆದರೆ ಆ ಸಮುದಾಯಗಳು ಕಟ್ಟಿದ ಸಂಘಗಳು ನಿನಗೂ ಬಾಗಿಲು ತೆರೆದಿವೆ. ಕಪ್ಪು ವರ್ಣೀಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಸಂಘ ಎನ್‌ಎಸ್‌ಬಿಇ 1975ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಯಾರು ಬೇಕಾದರೂ ಸದಸ್ಯರಾಗಬಹುದು. ಅವರ ವಾರ್ಷಿಕ ಸಮಾವೇಶದ ಉದ್ಯೋಗ ಮೇಳಕ್ಕೆ ದೊಡ್ಡ ದೊಡ್ಡ ಕಂಪನಿಗಳು ಬರುತ್ತವೆ. ಲ್ಯಾಟಿನೊ ಎಂಜಿನಿಯರುಗಳ ಎಸ್‌ಎಚ್‌ಪಿಇ ಕೂಡ ಹಾಗೆ. ಹೋಗು, ಸದಸ್ಯನಾಗು, ಆದರೆ ರೆಸ್ಯೂಮೆ ಹಂಚಿ ಬರುವುದಕ್ಕೆ ಮಾತ್ರ ಹೋಗಬೇಡ. ನಿನ್ನ ಕ್ಯಾಂಪಸ್‌ನ ಶಾಖೆಯಲ್ಲಿ ವಾರಕ್ಕೊಮ್ಮೆ ಅವರ ಜೊತೆ ಕೆಲಸ ಮಾಡು, ಜೂನಿಯರ್‌ಗಳಿಗೆ ಲೆಕ್ಕ ಹೇಳಿಕೊಡು, ಅಲ್ಲಿ ಸ್ನೇಹ ಬೆಳೆಸಿಕೋ. ನಮ್ಮ ಹುಡುಗರು ಭಾರತದವರ ರೂಮಿನಿಂದ ಭಾರತದವರ ರೂಮಿಗೆ ಓಡಾಡಿಕೊಂಡೇ ಎರಡು ವರ್ಷ ಕಳೆಯುತ್ತಾರೆ. ಅದರಿಂದ ಬಹಳ ಕಳೆದುಕೊಳ್ಳುತ್ತಾರೆ. ದುಡ್ಡಿನ ತೊಂದರೆ ಇದ್ದರೆ ಪ್ರೊಫೆಸರುಗಳಿಗೆ ನೇರ ಮೇಲ್ ಹಾಕಿ ಟಿಎ, ಆರ್‌ಎ (ಪಾಠಕ್ಕೆ, ಸಂಶೋಧನೆಗೆ ಸಹಾಯಕ) ಕೆಲಸ ಕೇಳು. ಬಹಳ ಕಡೆ ಅದರ ಜೊತೆ ಶುಲ್ಕವೂ ಮನ್ನಾ ಆಗುತ್ತದೆ.

ಪ್ರಶ್ನೆ: ಮೊಮ್ಮಗಳಿಗೆ ಹೊರಗಿನ ಟ್ರಸ್ಟ್‌ನಿಂದ 3,000 ಡಾಲರ್ ಸ್ಕಾಲರ್‌ಶಿಪ್ ಬಂತು. ಖುಷಿ ಪಡುವಷ್ಟರಲ್ಲಿ ಕಾಲೇಜಿನವರು ತಾವು ಕೊಡುತ್ತಿದ್ದ ಸಹಾಯದಲ್ಲಿ ಅಷ್ಟೇ ಕಡಿತ ಮಾಡಿದರು. ಇದು ನ್ಯಾಯವಾ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ನ್ಯಾಯ ಅಲ್ಲ ಮೇಷ್ಟ್ರೇ. ಮಗು ರಾತ್ರಿ ಕೂತು ಪ್ರಬಂಧ ಬರೆದು ಗೆದ್ದದ್ದು, ಅದರ ಲಾಭ ಕಾಲೇಜಿಗೆ ಹೋದ ಹಾಗಾಯಿತು. ಇದಕ್ಕೆ ಅಲ್ಲಿ 'ಸ್ಕಾಲರ್‌ಶಿಪ್ ಡಿಸ್‌ಪ್ಲೇಸ್‌ಮೆಂಟ್' ಅನ್ನುತ್ತಾರೆ, ಹೆಚ್ಚು ಪೆಟ್ಟು ಬೀಳುವುದು ಬಡ ಮಕ್ಕಳಿಗೇ. 2017ರಲ್ಲಿ ಮೇರಿಲ್ಯಾಂಡ್ ಮೊದಲ ಸಲ ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಕಾನೂನಿನ ತಡೆ ಹಾಕಿತು. ಆಮೇಲೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಸೇರಿ ಇನ್ನೂ ಕೆಲವು ರಾಜ್ಯಗಳು ಹಾಕಿವೆ.

ಮೊಮ್ಮಗಳು ಫೈನಾನ್ಶಿಯಲ್ ಏಡ್ ಕಚೇರಿಗೆ ಖುದ್ದಾಗಿ ಹೋಗಿ, 'ಗ್ರ್ಯಾಂಟ್ ಮುಟ್ಟಬೇಡಿ, ಸಾಲದ ಭಾಗವನ್ನು ಕಡಿಮೆ ಮಾಡಿ' ಅಂತ ಬರವಣಿಗೆಯಲ್ಲಿ ಕೇಳಲಿ. ಎಷ್ಟೋ ಕಡೆ ಒಪ್ಪುತ್ತಾರೆ. ಒಪ್ಪದಿದ್ದರೆ ಟ್ರಸ್ಟ್‌ನವರಿಗೆ ಬರೆದು, ಹಣವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲು ಆಗುತ್ತದಾ ಅಂತ ಕೇಳಬಹುದು. ಶುಲ್ಕಕ್ಕೆ, ಪುಸ್ತಕಕ್ಕೆ ಹೋದ ಸ್ಕಾಲರ್‌ಶಿಪ್‌ಗೆ ತೆರಿಗೆ ಇಲ್ಲ. ಊಟ, ವಸತಿಗೆ ಹೋದದ್ದಕ್ಕೆ ಇದೆ.

ಪ್ರಶ್ನೆ: ನಾನು ದಲಿತ ಕುಟುಂಬದವನು, ಬಿ.ಇ. ಮುಗಿಸಿದ್ದೇನೆ. ಅಪ್ಪ ಕೂಲಿ. ಅಮೆರಿಕದಲ್ಲಿ ಎಂಎಸ್ ಮಾಡುವ ಆಸೆ. ಅಲ್ಲಿಯ ಈ ಸ್ಕಾಲರ್‌ಶಿಪ್‌ಗಳು ನಮಗೂ ಸಿಗ್ತವಾ?
— ರಾಯಚೂರು

ಉತ್ತರ: ಇಲ್ಲೇ ಹುಟ್ಟಿ ಇಲ್ಲಿಂದ ಅರ್ಜಿ ಹಾಕುವವರಿಗೆ ಅಲ್ಲಿಯ ಈ ನಿಧಿಗಳು ಬಹುತೇಕ ಸಿಗುವುದಿಲ್ಲ. ಆದರೆ ನಿಮಗೆ ನಮ್ಮ ಸರ್ಕಾರದಲ್ಲೇ ದಾರಿ ಇದೆ, ಅದೂ ಪೂರ್ತಿ ಖರ್ಚಿನದ್ದು. 1913ರಲ್ಲಿ ಅಂಬೇಡ್ಕರ್ ನ್ಯೂಯಾರ್ಕ್‌ನ ಕೊಲಂಬಿಯಾಕ್ಕೆ ಹೋದದ್ದೂ ಬರೋಡ ಸಂಸ್ಥಾನ ಕೊಟ್ಟ ವಿದ್ಯಾರ್ಥಿವೇತನದಲ್ಲೇ.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ನೋಡಿ. ವರ್ಷಕ್ಕೆ 125 ಜನ, ಅದರಲ್ಲಿ 115 ಪರಿಶಿಷ್ಟ ಜಾತಿಯವರಿಗೆ. ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಮಾತ್ರ. ಮನೆಯ ಆದಾಯ ವರ್ಷಕ್ಕೆ 8 ಲಕ್ಷ ದಾಟಿರಬಾರದು, ವಯಸ್ಸು 35 ಮೀರಿರಬಾರದು, ಪದವಿಯಲ್ಲಿ 60 ಪರ್ಸೆಂಟ್ ಇರಬೇಕು. ಶುಲ್ಕ, ಜೀವನ ವೆಚ್ಚ, ವಿಮಾನದ ಟಿಕೆಟ್, ವೀಸಾ, ಆರೋಗ್ಯ ವಿಮೆ ಎಲ್ಲ ಅದರಲ್ಲೇ ಬರುತ್ತದೆ. ವಿಶ್ವವಿದ್ಯಾಲಯದಿಂದ ಷರತ್ತಿಲ್ಲದ ಪ್ರವೇಶ ಪತ್ರ ಕೈಯಲ್ಲಿರಬೇಕು, ಆ ವಿಶ್ವವಿದ್ಯಾಲಯ ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಕ್ಯೂಎಸ್ ಪಟ್ಟಿಯ ಮೊದಲ 500ರ ಒಳಗಿರಬೇಕು. ಸೇರುವ ಕಾಲೇಜನ್ನು ಆರಿಸುವಾಗ ಈ ಪಟ್ಟಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಜೊತೆಗೆ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆ ವಿದೇಶದ ಓದಿಗೆ ನೆರವು ಕೊಡುವ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ, ರಾಯಚೂರಿನ ಜಿಲ್ಲಾ ಕಚೇರಿಯಲ್ಲೇ ಮಾಹಿತಿ ಕೊಡಬೇಕು. ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿ.

ಅರ್ಜಿ ಶುಲ್ಕ ಒಂದು ದೊಡ್ಡ ಅಡ್ಡಿ. ಒಂದೊಂದು ವಿಶ್ವವಿದ್ಯಾಲಯಕ್ಕೂ ಸಾವಿರಾರು ರೂಪಾಯಿ ಕಟ್ಟುವುದು ನಿಮ್ಮ ಮನೆಗೆ ಆಗುವ ಮಾತಲ್ಲ. ಪ್ರವೇಶ ವಿಭಾಗಕ್ಕೆ ಮೇಲ್ ಬರೆದು 'ಫೀ ವೇವರ್', ಅಂದರೆ ಶುಲ್ಕ ಮನ್ನಾ ಕೇಳಿ. ಅಪ್ಪ ಕೂಲಿ, ವರ್ಷದ ಆದಾಯ ಇಷ್ಟು ಅಂತ ಇದ್ದದ್ದನ್ನು ಇದ್ದ ಹಾಗೇ ನಾಲ್ಕು ಸಾಲಿನಲ್ಲಿ ಬರೆಯಿರಿ. ಎಲ್ಲರೂ ಕೊಡುವುದಿಲ್ಲ, ಕೇಳಿದವರಿಗೆ ಕೊಡುವ ಕಡೆಗಳಿವೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಅಂಕಪಟ್ಟಿ, ಪಾಸ್‌ಪೋರ್ಟ್ ಈಗಲೇ ಮಾಡಿಸಿಟ್ಟುಕೊಳ್ಳಿ. ಪ್ರವೇಶ ಸಿಕ್ಕ ಮೇಲೆ ನಾಡಕಚೇರಿಗೆ ಅಲೆದರೆ ಅರ್ಜಿಯ ಕೊನೆಯ ದಿನ ದಾಟಿಹೋಗುತ್ತದೆ.