ಏಳು ವರ್ಷದ ಮಗಳ ಹೊಸ ದವಡೆ ಹಲ್ಲು ಹಳದಿಯಾಗಿ ಹುಟ್ಟಿ ಪುಡಿಯಾಗುತ್ತಿದೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಕಾರಣವೇ? ಫ್ಲೋರೈಡ್ ಪೇಸ್ಟ್ ನಿಲ್ಲಿಸಲೇ?

ಪೇಸ್ಟ್ ನಿಲ್ಲಿಸಬೇಡಿ. ಎರಡೇ ದವಡೆ ಹಲ್ಲಿಗೆ ಕಲೆ, ತಣ್ಣೀರು ತಾಗಿದರೆ ಅಳು ಅಂತ ಬರೆದಿದ್ದೀರಿ. ಇದು ಫ್ಲೋರೋಸಿಸ್‌ಗಿಂತ (ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಮೂಡುವ ಕಲೆ) ಹೆಚ್ಚಾಗಿ ಮೋಲಾರ್ ಇನ್ಸೈಸರ್ ಹೈಪೋಮಿನರಲೈಸೇಶನ್, ಚಿಕ್ಕದಾಗಿ ಎಂಐಎಚ್ ಇದ್ದಂತಿದೆ: ದವಡೆ ಹಲ್ಲು, ಮುಂದಿನ ಹಲ್ಲುಗಳ ಹೊರಪದರದಲ್ಲಿ ಖನಿಜ ಕಡಿಮೆಯಿರುವ ತೊಂದರೆ.

ಒದ್ದೆ ಹತ್ತಿಯಿಂದ ಹಲ್ಲು ಒರೆಸಿ ಟಾರ್ಚ್ ಬಿಟ್ಟು ನೋಡಿ. ಎಂಐಎಚ್ ಕಲೆಗೆ ಸ್ಪಷ್ಟ ಅಂಚಿರುತ್ತದೆ. ಬಿಳಿ, ಹಳದಿ ಅಥವಾ ಕಂದು ಬಣ್ಣ, ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ. ಫ್ಲೋರೋಸಿಸ್‌ನಲ್ಲಿ ಅಂಚಿಲ್ಲದ ಮಸುಕು ಗೆರೆಗಳು ಎಡಬಲ ಒಂದೇ ತರಹ, ಬಹಳಷ್ಟು ಹಲ್ಲುಗಳ ಮೇಲೆ ಕಾಣುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಾದರೆ ನೀರನ್ನೂ ಪರೀಕ್ಷೆ ಮಾಡಿಸಿ: ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಈ ಹಲ್ಲಿನ ಎನಾಮೆಲ್ (ಹೊರಪದರ) ಗಟ್ಟಿಯಾಗುವುದು ಹುಟ್ಟಿನಿಂದ ಸುಮಾರು ಮೂರು ವರ್ಷದೊಳಗೆ. ಆಗಿನ ಜ್ವರ, ಉಸಿರಾಟದ ಕಾಯಿಲೆ, ಹೆರಿಗೆಯ ತೊಂದರೆ, ವಂಶವಾಹಿ ಇವೆಲ್ಲದರ ಮೇಲೂ ಅನುಮಾನವಿದೆ. ಒಂದೇ ಕಾರಣ ಅಂತ ಹೇಳಲಾಗದು. ಚಾಕೊಲೇಟ್ ತಿಂದಿದ್ದಕ್ಕೆ ಬಂತು ಅಂತ ಮಗುವನ್ನು ಬೈಯಬೇಡಿ. ಎನಾಮೆಲ್ ದಪ್ಪವೇನೋ ಇರುತ್ತದೆ, ಆದರೆ ಖನಿಜ ಕಡಿಮೆಯಾಗಿ ಸೀಮೆಸುಣ್ಣದ ಹಾಗೆ ಮೆದು. ಅಗಿಯುವಾಗ ಉದುರುತ್ತದೆ, ಜುಮ್ಮೆನ್ನುತ್ತದೆ, ಮಗು ಆ ಕಡೆ ಬ್ರಶ್ ಮಾಡಲು ಬಿಡುವುದಿಲ್ಲ, ಅಲ್ಲೇ ಹುಳುಕು ಹಿಡಿಯುತ್ತದೆ.

ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಶ್, 1000 ಪಿಪಿಎಂ ಫ್ಲೋರೈಡ್ ಪೇಸ್ಟ್ ಬಟಾಣಿ ಕಾಳಿನಷ್ಟು, ದಿನಕ್ಕೆ ಎರಡು ಸಲ, ನೀವೇ ಉಜ್ಜಿ. ನೊರೆ ಉಗುಳಿಸಿ, ಬಾಯಿ ಮುಕ್ಕಳಿಸುವುದು ಬೇಡ. ವೈದ್ಯರಲ್ಲಿ ಹಲ್ಲಿಗೆ ಬಳಿಯುವ 5% ಸೋಡಿಯಂ ಫ್ಲೋರೈಡ್ ವಾರ್ನಿಶ್ ಹಾಕಿಸಿ, ಮೂರರಿಂದ ಆರು ತಿಂಗಳಿಗೊಮ್ಮೆ. ಸಿಪಿಪಿ-ಎಸಿಪಿ ಕ್ರೀಮ್ (ಹಲ್ಲಿಗೆ ಕ್ಯಾಲ್ಸಿಯಂ, ಫಾಸ್ಫೇಟ್ ಕೊಡುವ ಕ್ರೀಮ್) ಬರೆದುಕೊಟ್ಟರೆ, ಅದರಲ್ಲಿ ಹಾಲಿನ ಪ್ರೋಟೀನ್ ಇದೆ. ಹಾಲಿನ ಅಲರ್ಜಿ ಇದ್ದವರಿಗೆ ಹಚ್ಚಬಾರದು.

ಸಾಮಾನ್ಯ ಫಿಲ್ಲಿಂಗ್ ಇಲ್ಲಿ ಬೇಗ ಕಿತ್ತುಬರುತ್ತದೆ, ಮೆದು ಎನಾಮೆಲ್‌ಗೆ ಅದು ಸರಿಯಾಗಿ ಅಂಟುವುದೇ ಇಲ್ಲ. ಸದ್ಯಕ್ಕೆ ಗ್ಲಾಸ್ ಅಯೋನೊಮರ್ ಅನ್ನೋ ಸಿಮೆಂಟ್ ಹಾಕಿಸಬಹುದು. ತುಂಬಾ ಪುಡಿಯಾಗಿದ್ದರೆ ಸ್ಟೀಲ್ ಕ್ರೌನ್ (ಹಲ್ಲಿನ ಮೇಲೆ ಕೂರಿಸುವ ಕ್ಯಾಪ್) ವಾಸಿ, ನೋಡಲು ಚೆನ್ನಾಗಿರದಿದ್ದರೂ. ಮರಗಟ್ಟಿಸುವ ಇಂಜೆಕ್ಷನ್ ಈ ಹಲ್ಲಿಗೆ ಅಷ್ಟಾಗಿ ಹತ್ತುವುದಿಲ್ಲ, ಹಾಗಾಗಿ ಮಕ್ಕಳ ದಂತವೈದ್ಯರ ಹತ್ತಿರವೇ ಹೋಗಿ.

ಉಳಿಸಲಾಗದಷ್ಟು ಹಾಳಾಗಿದ್ದರೆ ತೆಗೆಸುವುದಕ್ಕೂ ಒಂದು ಸಮಯವಿದೆ: ಸುಮಾರು ಎಂಟೂವರೆಯಿಂದ ಹತ್ತು ವರ್ಷ. ಆಗ ತೆಗೆದರೆ ಹಿಂದಿನ ದವಡೆ ಹಲ್ಲು ಮುಂದೆ ಸರಿದು ಜಾಗ ತುಂಬುವ ಸಾಧ್ಯತೆ ಹೆಚ್ಚು, ಕೆಳದವಡೆಯಲ್ಲಿ ಮಾತ್ರ ಭರವಸೆ ಸ್ವಲ್ಪ ಕಡಿಮೆ. ಒಪಿಜಿ (ಇಡೀ ದವಡೆಯ) ಎಕ್ಸ್-ರೇ ತೆಗೆಸಿ, ಆರ್ಥೊಡಾಂಟಿಸ್ಟ್ (ಹಲ್ಲಿನ ಸಾಲು ಸರಿಪಡಿಸುವ ವೈದ್ಯರು) ನೋಡಿದ ಮೇಲೆಯೇ ಕೀಳಿಸಿ.