ಹಳೇ ಮರದ ಮನೆಯಲ್ಲಿ ಒಂದೇ ಕೋಣೆ ಯಾಕೆ ಇಷ್ಟು ಥಂಡಿ? ಥರ್ಮಾಕೋಲ್ ಹೊದಿಸಲಾ, ಹೀಟರ್ ತರಲಾ?

ಎರಡೂ ಬೇಡ. ಮೈಸೂರಿನ ಅಗ್ರಹಾರದ ಮನೆ, ಮರದ ಕಂಬ ತೊಲೆ, ಉತ್ತರದ ಕೋಣೆಗೆ ಧನುರ್ಮಾಸದಲ್ಲಿ ಕಾಲಿಡೋಕಾಗಲ್ಲ, ಒಳಗಿಂದ ಥರ್ಮಾಕೋಲ್ ಇಟ್ಟು ಪ್ಲೈವುಡ್ ಹೊಡೆಸೋಣ ಅಂತಿದೀನಿ ಅಂತ ಬರೆದಿದ್ದೀರಿ. ಓದಿ ಹೊಟ್ಟೆಯಲ್ಲಿ ಸಂಕಟವಾಯ್ತು. ಸುಮಾರು ಹತ್ತು ವರ್ಷದ ಹಿಂದೆ ಇದನ್ನೇ ಮಾಡಿ ಕೈ ಸುಟ್ಟುಕೊಂಡವನು ನಾನು.

ನಮ್ಮದು ಪಾಂಡವಪುರದ ಕಡೆ ಹಳ್ಳಿ. ತಾತ ಕಟ್ಟಿಸಿದ ತೊಟ್ಟಿ ಮನೆ. ಮಣ್ಣಿನ ಗೋಡೆ, ಗೋಡೆಯೊಳಗೇ ಹುದುಗಿದ ಕಂಬಗಳು, ಮೇಲೆ ತೊಲೆ, ಜಂತೆ, ಅಟ್ಟ, ಹೆಂಚು. ಹಿತ್ತಲು ದಾಟಿದರೆ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯೋ ಗದ್ದೆ. ಅಜ್ಜಿ ಕೊನೇವರೆಗೂ ಮಲಗಿದ್ದು ಉತ್ತರದ ಕೋಣೆಯಲ್ಲೇ, ಚಳಿ ಅಂತ ಒಂದು ದಿನ ಅಂದವರಲ್ಲ. ಅಮ್ಮನ ಕಾಲಕ್ಕೆ ಅದೇ ಕೋಣೆ ಐಸ್ ಪೆಟ್ಟಿಗೆ. ಥರ್ಮಾಮೀಟರ್ ತಂದು ನೇತುಹಾಕಿದೆ: ಬೆಳಗಿನ ಜಾವ ನಡುಮನೆ 21 ಡಿಗ್ರಿ, ಆ ಕೋಣೆ 17. ಮಂಡಿ ಹಿಡ್ಕೊಳ್ಳುತ್ತೆ ಅಂತ ಅಮ್ಮ ಹಾಸಿಗೆಯನ್ನ ನಡುಮನೆಗೆ ಎಳ್ಕೊಂಡರು.

ಅಜ್ಜಿಗೆ ಆಗದ ಚಳಿ ಅಮ್ಮನಿಗೆ ಯಾಕೆ ಆಗ್ತಿದೆ ಅಂತ ಒಂದು ಸಲ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಮೇಸ್ತ್ರಿಯನ್ನ ಕರೆದೆ. ಅವನು ಗೋಡೆ ತಟ್ಟಿ ನೋಡಿ, "ಮಣ್ಣಿನ ಗ್ವಾಡೆ ಅಲ್ವಾ ಸಾ, ಸಿಮೆಂಟ್ ಹೊಡುದ್ರೆ ಎಲ್ಲಾ ಸರಿಹೋಯ್ತದೆ" ಅಂದ. ಒಳಗೆ ನಾಲ್ಕಡಿ ಎತ್ತರಕ್ಕೆ ಸಿಮೆಂಟ್ ಗಿಲಾವು, ಅದರ ಮೇಲೆ ವಾಟರ್‌ಪ್ರೂಫ್ ಬಣ್ಣ, ಅದರ ಮೇಲೆ ರೀಪರ್ (ಮರದ ಪಟ್ಟಿ) ಹೊಡೆದು ಥರ್ಮಾಕೋಲ್, ಪ್ಲೈವುಡ್. 80 ಸಾವಿರ ಆಯ್ತು. ಮೊದಲ ವರ್ಷ ಬೆಚ್ಚಗೇ ಇತ್ತು, ಊರವರಿಗೆಲ್ಲ ತೋರಿಸಿದೆ.

ಎರಡನೇ ವರ್ಷ ನಾಲೆಗೆ ನೀರು ಬಿಟ್ಟು ನಾಟಿ ಮುಗಿಯೋ ಹೊತ್ತಿಗೆ ಕೋಣೆಯಲ್ಲಿ ಒದ್ದೆ ಗೋಣಿಚೀಲದ ವಾಸನೆ. ಒಂದು ಪ್ಲೈವುಡ್ ಬಿಚ್ಚಿದರೆ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಉಗುರಲ್ಲಿ ಒತ್ತಿದೆ, ಒಡೆದು ನೀರು ಮೊಣಕೈವರೆಗೆ ಇಳೀತು. ಮೊದಲು ಎರಡಡಿ ಎತ್ತರಕ್ಕಿದ್ದ ತೇವ ಈಗ ಸಿಮೆಂಟು ದಾಟಿ ಆರಡಿಗೆ ಏರಿತ್ತು.

ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ನೀವು ಮಾಡಹೊರಟಿರೋದೂ ಇದೇ ತಪ್ಪು. ದೀಪದ ಬತ್ತಿ ಎಣ್ಣೆ ಹೀರೋ ಹಾಗೆ ಹಳೇ ಗೋಡೆ ನೆಲದಿಂದ ನೀರು ಹೀರುತ್ತೆ. ಹಳೇ ಕಾಲದ ಮಣ್ಣು, ಸುಣ್ಣದ ಗಾರೆ ಆ ನೀರನ್ನ ಹೊರಗೆ ಬಿಟ್ಟು ಆರಿಸ್ತಿತ್ತು. ಸಿಮೆಂಟು, ವಾಟರ್‌ಪ್ರೂಫ್ ಬಣ್ಣ ಬಾಯಿ ಮುಚ್ಚುತ್ತವೆ, ನೀರನ್ನ ನಿಲ್ಲಿಸಲ್ಲ. ಅದು ದಾರಿ ಹುಡುಕಿಕೊಂಡು ಮೇಲಕ್ಕೆ ಹೋಗುತ್ತೆ. ಮರದ ಮನೆಯಲ್ಲಿ ಅದಕ್ಕೆ ಸಿಗೋದು ಗೋಡೆಯೊಳಗಿನ ಕಂಬ, ಗೋಡೆಯ ಮೇಲೆ ಕೂತ ತೊಲೆಯ ತುದಿ. ನಮ್ಮ ಆಚಾರಿ ಬಂದು ತೊಲೆ ತುದಿಗೆ ಉಳಿ ಒತ್ತಿದರು. ಸುತ್ತಿಗೆಯೇ ಬೇಕಾಗಲಿಲ್ಲ, ಹಿಡಿವರೆಗೂ ಹೋಯ್ತು, ಬೆಣ್ಣೆಗೆ ಹೋದ ಹಾಗೆ. ಲಡ್ಡು ಹಿಡಿದಿತ್ತು. ಹೊರಗಿಂದ ನೋಡಿದರೆ ಎಣ್ಣೆ ಹಚ್ಚಿದ ಮರ, ಫಳಫಳ. ಹೋದದ್ದು 80 ಸಾವಿರ ಅಲ್ಲ ಸ್ವಾಮಿ, ತಾತನ ತೊಲೆ.

ಹಾಗಾಗಿ ನಿಮ್ಮ ಕೋಣೆ ಚಳಿ ಕೋಣೆ ಅನ್ನೋದನ್ನೇ ನಾನು ಒಪ್ಪಲ್ಲ. ಅದು ಒದ್ದೆ ಕೋಣೆ ಇರಬೇಕು. ಮಡಕೆ ನೀರು ತಣ್ಣಗಾಗೋದು ಹೇಗೆ? ನೀರು ಆರುವಾಗ ಶಾಖ ಹೀರಿಕೊಳ್ಳುತ್ತೆ. ಗೋಡೆಯಿಂದ ಒಂದು ಲೀಟರ್ ಆರೋಕೆ ಹೆಚ್ಚೂಕಡಿಮೆ 0.7 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ನೀವು ಹೀಟರ್ ಹಾಕಿದರೆ ಮಡಕೆ ಆರಿಸೋಕೆ ಬಿಲ್ ಕಟ್ಟಿದ ಹಾಗೆ. ಅಲ್ಲದೆ ಹಳೇ ವೈರಿಂಗ್ ಇರೋ ಮರದ ಮನೆಯಲ್ಲಿ ರಾತ್ರಿಯೆಲ್ಲಾ ಹೀಟರ್ ಉರಿಸೋ ಧೈರ್ಯ ನನಗಿಲ್ಲ. ನಿಮ್ಮೂರಿನ ಹಳೇ ಮರದ ಅರಮನೆ 1897ರಲ್ಲಿ ಬೆಂಕಿಗೆ ಸುಟ್ಟುಹೋದದ್ದನ್ನ ನಾನು ಹೇಳಬೇಕಾ.

ಮೊದಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹನಿ ಗೋಡೆ ಕಡೆ ಕೂತರೆ ನೀರು ಗೋಡೆಯೊಳಗಿಂದ ಬರ್ತಿದೆ. ಕೋಣೆ ಕಡೆ ಕೂತರೆ ಅದು ಉಸಿರು, ಅಡುಗೆ, ಒಣಹಾಕಿದ ಬಟ್ಟೆಯದು, ಕಿಟಕಿ ತೆಗೆದರೆ ಅರ್ಧ ಕೆಲಸ ಮುಗೀತು.

ಗೋಡೆಯಿಂದಾದರೆ ಹೊರಗೆ ಹೋಗಿ ನೋಡಿ. ನಮ್ಮ ಬೀದಿಗೆ ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಬಿದ್ದು ರಸ್ತೆ ಮುಕ್ಕಾಲು ಅಡಿ ಎದ್ದಿತ್ತು, ಮಳೆ ನೀರೆಲ್ಲ ಉತ್ತರದ ಗೋಡೆ ಬುಡಕ್ಕೇ. ಅಜ್ಜಿ ಕಾಲದಲ್ಲಿ ಜಗಲಿ ಹತ್ತಬೇಕಿತ್ತು, ಈಗ ಇಳೀತೀವಿ. ಗೋಡೆ ಪಕ್ಕ ಕಾಲುವೆ ತೆಗೆಸಿ ಜಲ್ಲಿ ತುಂಬಿಸಿ ನೀರನ್ನ ಮೋರಿಗೆ ತಿರುಗಿಸಿದೆ. ಸಿಮೆಂಟ್ ಪೂರ್ತಿ ಕೆತ್ತಿಸಿ ಶಿವರಾತ್ರಿಯಿಂದ ಮುಂಗಾರಿನವರೆಗೆ ಗೋಡೆ ಬೆತ್ತಲೆ ಬಿಟ್ಟೆ. ಆಮೇಲೆ ಸುಣ್ಣದ ಗಾರೆ. ಅದು ಗೊತ್ತಿರೋ ಮೇಸ್ತ್ರಿ ಸಿಗೋಕೆ ಎರಡು ತಿಂಗಳು ಅಲೆದೆ, ಅದು ಬೇರೆ ಕತೆ.

ಬೆಚ್ಚಗೆ ಮಾಡೋ ದುಡ್ಡು ಏನಿದ್ದರೂ ತಲೆ ಮೇಲಕ್ಕೆ ಹಾಕಿ. ಅಜ್ಜಿ ಕಾಲದಲ್ಲಿ ಅಟ್ಟದ ತುಂಬ ಭತ್ತದ ಮೂಟೆ, ಕೋಣೆಗೆ ಅದೇ ಕಂಬಳಿ. ನಾವು ಮೂಟೆ ಇಳಿಸಿ, ಹಲಗೆಯನ್ನೂ ಮಾರಿ, ಹೆಂಚಿನ ಸಂದಿಗೆ ಶಾಖ ಬಿಟ್ಟುಕೊಟ್ಟಿದ್ದೆವು. ಹಲಗೆ ಮತ್ತೆ ಹಾಕಿಸಿದ ಮೇಲೆ ಕಳೆದ ಪುಷ್ಯದಲ್ಲಿ ಅದೇ ಥರ್ಮಾಮೀಟರ್ 20 ತೋರಿಸಿತು. ಅಮ್ಮ ಮಾತ್ರ ನಡುಮನೆ ಬಿಟ್ಟು ಏಳ್ತಿಲ್ಲ, ಅಲ್ಲಿ ಟಿವಿ ಇದೆ.

ಪ್ಲೈವುಡ್‌ಗೆ ಅಡ್ವಾನ್ಸ್ ಕೊಟ್ಟಿದ್ದರೆ ಹೋಗಲಿ ಬಿಡಿ. ಮೇಸ್ತ್ರಿಗಿಂತ ಮುಂಚೆ ಒಬ್ಬ ಆಚಾರಿಯನ್ನ ಕರೆಸಿ, ಉತ್ತರದ ಗೋಡೆ ಮೇಲಿರೋ ಪ್ರತಿ ತೊಲೆಯ ತುದಿಗೂ ಉಳಿ ಒತ್ತಿಸಿ ನೋಡಿ.